ಎಣಿಕೆ ಬಂಡೆಯ ನಾಲ್ಕನೇ ಕಲ್ಲು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ದೆವ್ವ, ಗಾಳಿ, ಶಕುನ ಇಂಥವುಗಳಲ್ಲಿ ನನಗೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ನಂಬುವವರನ್ನು ಕಂಡರೆ ಗೇಲಿ ಮಾಡುವ ಚಟ ಬೇರೆ. ಹುಣಿಸೆಮರದ ಕೆಳಗೆ ಬಿಳಿ ಸೀರೆ ಕಂಡೆ ಎಂದು ಯಾರಾದರೂ ಹೇಳಿದರೆ, ‘ಒಣಗಿತ್ತೇನೋ, ಮಡಿಸಿಟ್ಟು ಬರಬಾರದಿತ್ತೇ’ ಎನ್ನುತ್ತಿದ್ದೆ. ನನ್ನ ನಂಬಿಕೆ ಏನಿದ್ದರೂ ಎಣಿಕೆಯ ಮೇಲೆ. ಏಕೆಂದರೆ ಎಣಿಸುವುದೇ ನನ್ನ ಹೊಟ್ಟೆಪಾಡಾಗಿತ್ತು.

ಆಗ ನಾನು ಊರಿಗಾಂ ಕಡೆಯ ಒಂದು ಚಿನ್ನದ ಗಣಿಯಲ್ಲಿ ಬಿಲ್ಲೆ ಗುಮಾಸ್ತ. ಮನೆ ಬೌರಿಂಗ್‌ಪೇಟೆಯಲ್ಲಿ, ಈಗ ಎಲ್ಲರೂ ಬಂಗಾರಪೇಟೆ ಎನ್ನುವ ಊರಿನಲ್ಲಿ. ದಿನವೂ ರೈಲಿನಲ್ಲಿ ಹೋಗಿಬರುತ್ತಿದ್ದೆ. ಗಣಿಗೆ ಇಳಿಯುವ ಪ್ರತಿಯೊಬ್ಬ ಆಳೂ ತನ್ನ ನಂಬರು ಕೆತ್ತಿದ ಹಿತ್ತಾಳೆ ಬಿಲ್ಲೆಯನ್ನು ನನ್ನ ಕಿಟಕಿಯಲ್ಲಿ ಕೊಟ್ಟು ಇಳಿಯಬೇಕು. ನಾನದನ್ನು ಹಲಗೆಯ ಮೇಲಿನ ಮೊಳೆಗೆ ನೇತುಹಾಕುತ್ತಿದ್ದೆ. ಪಾಳಿ ಮುಗಿಸಿ ಮೇಲೆ ಬಂದವನು ಕಿಟಕಿಯ ಮುಂದೆ ನಿಂತು ನಂಬರು ಕೂಗಬೇಕು, ನಾನು ಬಿಲ್ಲೆ ತೆಗೆದುಕೊಟ್ಟು ‘ಬಂತು’ ಎನ್ನಬೇಕು. ಮೊಳೆ ಖಾಲಿಯಾದರೆ ಆಳು ಮೇಲಿದ್ದಾನೆ, ಬಿಲ್ಲೆ ಇದ್ದರೆ ಕೆಳಗಿದ್ದಾನೆ. ಇಷ್ಟೇ ಶಾಸ್ತ್ರ. ಆ ಹೊತ್ತಿಗೆ ಏಳು ವರ್ಷ ಆ ಕಿಟಕಿಯಲ್ಲಿ ಕೂತಿದ್ದರೂ ನಾನು ಒಂದು ಸಲವೂ ಗಣಿಯೊಳಕ್ಕೆ ಇಳಿದವನಲ್ಲ. ಅದನ್ನೂ ಇಲ್ಲೇ ಹೇಳಿಬಿಡಬೇಕು.

ಈ ಶಾಸ್ತ್ರದಲ್ಲಿ ಒಂದು ತೊಡಕಿತ್ತು. ಎಂಟು ಗಂಟೆ ಕಲ್ಲಿನ ಕಾವಿನಲ್ಲಿ ಬೆಂದು ಮೇಲೆ ಬಂದವರಿಗೆ ಬಿಲ್ಲೆಯ ನೆನಪಿಗಿಂತ ಸೇಂದಿ ಅಂಗಡಿಯ ನೆನಪು ಹೆಚ್ಚು. ಕೆಲವರು ಕಿಟಕಿಗೆ ಬಾರದೆ ನೇರ ಅತ್ತಲೇ ಓಡುತ್ತಿದ್ದರು. ಹಾಗಾಗಿ ಹಲಗೆಯ ಮೇಲೆ ಒಂದೋ ಎರಡೋ ಬಿಲ್ಲೆ ಉಳಿಯುವುದು ಹೊಸದೇನಲ್ಲ. ಅವನ್ನು ತೆಗೆದು ಡ್ರಾಯರಿಗೆ ಹಾಕಿ, ಪುಸ್ತಕದಲ್ಲಿ ‘ಎಲ್ಲರೂ ಮೇಲೆ’ ಎಂದು ಬರೆದು ನಾನು ರೈಲಿಗೆ ಓಡುತ್ತಿದ್ದೆ. ಎಲ್ಲ ಬಿಲ್ಲೆ ಗುಮಾಸ್ತರೂ ಮಾಡುತ್ತಿದ್ದುದು ಅದನ್ನೇ.

ನಾನೂರ ಹದಿನೇಳನೇ ನಂಬರಿನ ಆಳು ಪೆರುಮಾಳು. ಚಾಂಪಿಯನ್ ರೀಫ್ಸ್‌ನ ಕೂಲಿಮನೆಗಳ ಲೈನಿನವನು, ಕೆಳಗೆ ಮರದ ಆಸರೆ ಕಟ್ಟುವ ಕೆಲಸ. ಮೇಲೆ ಬಂದವನೇ ಹಲ್ಲು ಕಿರಿದು, “ನಾನೂತ್ತಿ ಪದಿನೇಳು, ವಂದಾಚ್ಚು ಸಾಮಿ!” ಎಂದು ತಮಿಳಿನಲ್ಲಿ ಕೂಗುತ್ತಿದ್ದ. ಬಂದಾಯಿತು ಸ್ವಾಮಿ, ಎಂದು. ಒಂದು ಸಂಜೆ ಅವನ ಬಿಲ್ಲೆ ಮೊಳೆಯಲ್ಲೇ ಉಳಿಯಿತು. ಸೇಂದಿ ಅಂಗಡಿ ಎಂದುಕೊಂಡೆ. ಡ್ರಾಯರಿಗೆ ಹಾಕಿದೆ, ಪುಸ್ತಕದಲ್ಲಿ ಬರೆದೆ, ರೈಲು ಹಿಡಿದೆ. ಮರುದಿನ ಬೆಳಗಿನ ಪಾಳಿಯವರಿಗೆ ಅವನು ಪಕ್ಕದ ಸುರಂಗವೊಂದರಲ್ಲಿ ಉರುಳಿದ ಕಲ್ಲುಗಳಡಿ ಸಿಕ್ಕ. ಮೈ ಇನ್ನೂ ಬೆಚ್ಚಗಿತ್ತಂತೆ. ರಾತ್ರಿಯೇ ಹುಡುಕಿದ್ದರೆ ಉಳಿಯುತ್ತಿದ್ದ ಎಂದು ಹೊತ್ತು ತಂದವರು ತಮ್ಮತಮ್ಮಲ್ಲಿ ಮಾತಾಡಿಕೊಂಡರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ನಾನು ಹೇಳಿಕೊಂಡದ್ದು ನನ್ನ ಹೆಂಡತಿ ಜಯಮ್ಮನಿಗೊಬ್ಬಳಿಗೆ. ಅವಳು ಮತ್ತೆ ಆ ಮಾತೆತ್ತಲಿಲ್ಲ.

ಇದಾದ ಮುಂದಿನ ವರ್ಷ, ಸಂಕ್ರಾಂತಿ ಕಳೆದು ತಿಂಗಳಾಗಿತ್ತು. ಜಯಮ್ಮನ ತವರು ಕ್ಯಾಸಂಬಳ್ಳಿಯ ಆಚೆ ಒಂದು ಸಣ್ಣ ಹಳ್ಳಿ. ಎರಡು ದಿನಕ್ಕೆಂದು ಹೋಗಿದ್ದೆವು. ಊರ ಮುಂದೆ ದೊಡ್ಡ ಕೆರೆ, ಕೆರೆಯ ನಡುವೆ ಒಂದು ನಡುಗಡ್ಡೆ. ಅದಕ್ಕೆ ಕೊಕ್ಕರೆಗಡ್ಡೆ ಎಂದೇ ಹೆಸರು. ಹೊಂಗೆ, ಜಾಲಿ, ಹುಣಿಸೆ ಮರಗಳ ಮೇಲೆಲ್ಲ ಕೊಕ್ಕರೆ, ಹೆಜ್ಜಾರ್ಲೆ, ನೀರುಕಾಗೆಗಳ ಗೂಡು. ದಡದಿಂದ ನೋಡಿದರೆ ಮರಗಳಿಗೆ ಯಾರೋ ಸುಣ್ಣ ಬಳಿದಂತೆ ಕಾಣುತ್ತಿತ್ತು. ಮದುವೆಯಾಗಿ ಮೂರು ವರ್ಷವಾಗಿದ್ದರೂ ನಾನು ಆ ಗಡ್ಡೆಗೆ ಹೋಗಿರಲಿಲ್ಲ. ಅಂದು ಊಟ ಮುಗಿದ ಮೇಲೆ ಜಯಮ್ಮ, “ನಮ್ಮೂರಿನ ಒಡವೆ ಒಂದ್ಸಲನಾದ್ರೂ ನೋಡ್ಬಾರ್ದಾ” ಎಂದು ಎಬ್ಬಿಸಿ ಕರೆದುಕೊಂಡು ಹೋದಳು.

ತೆಪ್ಪ ಹಾಕುವವನು ಚೌಡಪ್ಪ ಎಂಬ ಮುದುಕ. ಗಡ್ಡೆಯ ಕಾವಲೂ ಅವನದೇ, ಅವನಪ್ಪನದೂ ಅದೇ ಕೆಲಸವಂತೆ. ಗಡ್ಡೆಗೆ ಊರು ಹಾಕಿದ ಕಟ್ಟುಗಳನ್ನು ಅವನು ಬೆರಳು ಮಡಿಸಿ ಹೇಳಿದ. ಒಂದು ಕಡ್ಡಿ ಮುರಿಯಬಾರದು, ಮೊಟ್ಟೆ ಮುಟ್ಟಬಾರದು, ಬೆಂಕಿ ಒಯ್ಯಬಾರದು, ಬೀಡಿ ಕೂಡ. ಕೂಗಬಾರದು, ಕೂಗಿದರೆ ತಾಯಿಹಕ್ಕಿ ಒಟ್ಟಿಗೆ ಎದ್ದು ಮರಿಗಳು ಗೂಡಿನಿಂದ ಬೀಳುತ್ತವೆ. ಹಕ್ಕಿಗಳು ಮರಿ ಹಾರಿಸಿಕೊಂಡು ಹೋಗುವ ತನಕ ಕೆಳಗೆ ಬಿದ್ದ ಹಿಕ್ಕೆಯನ್ನೂ ಗೊಬ್ಬರಕ್ಕೆಂದು ಎತ್ತುವಂತಿಲ್ಲ. “ಬಾಣಂತಿ ಕೋಣೆಗೆ ಓಗೋ ಅಂಗೆ ಓಗ್ಬೇಕು ಅಳೀಮಯ್ಯ” ಎಂದ.

ಇನ್ನೊಂದು ಕಟ್ಟಿತ್ತು, ಅದು ನನಗೆ ಬಹಳ ಹಿಡಿಸಿತು. ತೆಪ್ಪ ಹತ್ತುವ ಕಡೆ ನೀರಿನ ಅಂಚಿನಲ್ಲಿ ಚಪ್ಪಟೆಯಾದ ಒಂದು ಬಂಡೆ. ಅದಕ್ಕೆ ಎಣಿಕೆ ಬಂಡೆ ಎನ್ನುತ್ತಾರೆ. ಗಡ್ಡೆಗೆ ಹೋಗುವ ಪ್ರತಿಯೊಬ್ಬರೂ ಅದರ ಮೇಲೆ ಒಂದು ಕಲ್ಲಿಡಬೇಕು. ವಾಪಸು ಬಂದಮೇಲೆ ತಮ್ಮ ಕಲ್ಲನ್ನು ತಾವೇ ಎತ್ತಿ ನೀರಿಗೆ ಬಿಡಬೇಕು. ಬಂಡೆಯ ಮೇಲೆ ಕಲ್ಲಿದ್ದರೆ ಗಡ್ಡೆಯಲ್ಲಿ ಆಳಿದೆ ಎಂದು ಅರ್ಥ. ಸಾವಿರಾರು ಅಡಿ ಗಣಿ ತೋಡಿದವರು ಮಾಡಿಕೊಂಡ ಏರ್ಪಾಡು ಈ ಹಳ್ಳಿಯಲ್ಲಿ ಯಾವ ಕಾಲದಿಂದಲೋ ಇದೆಯಲ್ಲ ಎಂದು ನನಗೆ ನಗು ಬಂತು. ಚೌಡಪ್ಪ ಒಂದು ಕರಿಕಲ್ಲು ಇಟ್ಟ, ಜಯಮ್ಮ ಒಂದು ಉರುಟು ಹರಳುಕಲ್ಲು ಇಟ್ಟಳು. ನಾನು ಬೇಕೆಂದೇ ಒಂದು ಇಟ್ಟಿಗೆ ತುಂಡು ಹುಡುಕಿ ಇಟ್ಟೆ. ಇಟ್ಟು, ಕಿಟಕಿಯಲ್ಲಿ ಎಣಿಸುವ ರಾಗದಲ್ಲೇ ಗಟ್ಟಿಯಾಗಿ ಎಣಿಸಿದೆ, ಒಂದು, ಎರಡು, ಮೂರು. ಬಂಡೆಯ ಮೇಲೆ ಇದ್ದದ್ದು ಆ ಮೂರೇ ಕಲ್ಲು. ಇದನ್ನು ನಾನು ಯಾವ ದೇವರ ಮುಂದೆ ಬೇಕಾದರೂ ಹೇಳಬಲ್ಲೆ.

ಗಡ್ಡೆ ಚಿಕ್ಕದು, ಸುತ್ತಿದರೆ ಅರ್ಧ ಗಂಟೆಯ ದಾರಿ. ಇಳಿದ ಕಡೆ ಬೆಳ್ಳನೆಯ ಮರಳ ದಂಡೆ, ಅದರ ಮೇಲೆ ಆಮೆ ಹರಿದ ಗುರುತು. ಒಳಗೆ ಪಾಳೇಗಾರರ ಕಾಲದ್ದೆನ್ನುವ ಕಾವಲುಗೋಡೆಯ ತುಂಡು, ಅರ್ಧ ಹೂತ ಒಂದು ವೀರಗಲ್ಲು. ಅದರ ಪಕ್ಕದ ಬಂಡೆಯ ಮೇಲೆ ಒರಳಿನಂಥ ಗುಳಿಗಳಿದ್ದವು. ಹಿಂದಿನವರು ಚಿನ್ನದ ಕಲ್ಲನ್ನು ಅವುಗಳಲ್ಲಿ ಹಾಕಿ ಕುಟ್ಟುತ್ತಿದ್ದರಂತೆ. ಅವರು ತೋಡಿದ ಗುಂಡಿಗಳೂ ಆಚೆ ಪೊದೆಯ ಕಡೆ ಇವೆ, ಅತ್ತ ಹೋಗುವುದು ಬೇಡ ಎಂದು ಚೌಡಪ್ಪ ತಡೆದ. ಹಕ್ಕಿಗಳ ಗದ್ದಲವೆಂದರೆ, ಪಕ್ಕದಲ್ಲಿದ್ದವರ ಮಾತೂ ಕೇಳದು. ವಾಸನೆ ಮೂಗು ಹಿಡಿಯುವಂತಿತ್ತು. ಆದರೂ ಒಂದು ಹೆಜ್ಜಾರ್ಲೆ ತನ್ನ ಕೊಕ್ಕಿನ ಚೀಲವನ್ನು ಅಗಲಿಸಿ, ಮರಿ ಅದರೊಳಗೆ ತಲೆ ತೂರಿಸಿ ಉಣ್ಣುವುದನ್ನು ನಾವಿಬ್ಬರೂ ಬಹಳ ಹೊತ್ತು ನಿಂತು ನೋಡಿದೆವು. ಆ ವರ್ಷವೆಲ್ಲ ನನ್ನ ಮನಸ್ಸಿಗೆ ಸಮಾಧಾನ ಸಿಕ್ಕಿದ್ದು ಅದೊಂದು ಗಳಿಗೆಯಲ್ಲಿ.

ಹೊತ್ತು ಇಳಿಯುತ್ತಿದ್ದಂತೆ ವಾಪಸು ಬಂದೆವು. ನನಗೆ ಅವಸರವಿತ್ತು. ಅಂದು ರಾತ್ರಿ ಪಾಳಿ ನನ್ನದು, ಊರಿಗಾಂಗೆ ಹೋಗಲು ಜಟಕಾ ಹೇಳಿದ್ದೆ, ಅದು ಬಂದು ಕಾಯುತ್ತಿತ್ತು. ಇಟ್ಟಿಗೆ ತುಂಡನ್ನು ಎತ್ತಿ ನೀರಿಗೆ ಬಿಟ್ಟೆ. ಜಯಮ್ಮ ತನ್ನದನ್ನು, ಚೌಡಪ್ಪ ತನ್ನದನ್ನು ಬಿಟ್ಟರು. ಬಂಡೆಯ ಮೇಲೆ ಒಂದು ಕಲ್ಲು ಉಳಿದಿತ್ತು.

ಮುಷ್ಟಿಯಷ್ಟು ದಪ್ಪದ ಬೆಣಚುಕಲ್ಲು. ನಾನು ಅದನ್ನು ಕಾಲಿನಿಂದ ನೂಕಲು ಹೋದೆ. ಚೌಡಪ್ಪ ನನ್ನ ತೋಳು ಹಿಡಿದುಕೊಂಡ. ಅಳಿಯನ ತೋಳು ಹಿಡಿಯುವವನಲ್ಲ ಅವನು.

“ಕಲ್ಲು ಐತೆ ಅಂದ್ಮೇಲೆ ಆಳು ಐತೆ. ನಾನು ತೆಪ್ಪ ಮೇಲಕ್ಕೆ ಎಳ್ಯಲ್ಲ.”

ದನ ಕಾಯುವವರು ಯಾರೋ ತಮಾಷೆಗೆ ಇಟ್ಟಿರುತ್ತಾರೆ ಎಂದೆ. ನಾನು ಎಣಿಸಿದ್ದೇನೆ, ಹೋದವರು ಮೂವರು, ಬಂದವರು ಮೂವರು, ನನ್ನ ಎಣಿಕೆಗೆ ಸರ್ಕಾರಿ ಮೊಹರು ಬೇಡ ಎಂದು ರೇಗಿದೆ. ನೀನು ನಿನ್ನ ಕಲ್ಲಿನ ಜತೆ ಕೂತುಕೋ, ನನಗೆ ಪಾಳಿ ತಪ್ಪುತ್ತದೆ ಎಂದು ಹೊರಟೂಬಿಟ್ಟೆ. ಆಗ ಜಯಮ್ಮ ಹಿಂದಿನಿಂದ ಮೆಲ್ಲಗೆ ಹೇಳಿದಳು.

“ಆವತ್ತೂ ಇಂಗೇ ಅಂದ್ಕೊಂಡ್ರಿ ಅಲ್ವಾ? ಓಗಿ, ಒಂದ್ಸಲ ನೋಡ್ಕೊಂಡ್ ಬನ್ನಿ.”

ಅವಳ ದನಿಯಲ್ಲಿ ಚುಚ್ಚುವುದು ಏನೂ ಇರಲಿಲ್ಲ. ಆದರೆ ನನ್ನ ಕಾಲು ಅಲ್ಲೇ ನಿಂತುಹೋಯಿತು. ಮೊಳೆಗೆ ನೇತುಬಿದ್ದ ಬಿಲ್ಲೆ ಕಣ್ಣಿಗೆ ಕಟ್ಟಿತು. ಹಿಂದಿರುಗಿ ತೆಪ್ಪ ಹತ್ತಲು ಹೋದೆ. ಚೌಡಪ್ಪ ಬಿಡಲಿಲ್ಲ. ತಾನೂ ಒಂದು ಕಲ್ಲಿಟ್ಟು, “ಕಲ್ಲು ಮಡಗಿ” ಎಂದ. ಇನ್ನೊಂದು ಇಟ್ಟಿಗೆ ತುಂಡು ಹುಡುಕಿ ಇಟ್ಟೆ, ಈ ಸಲ ತಮಾಷೆ ಮಾಡಲಿಲ್ಲ.

ಗಡ್ಡೆ ಮುಟ್ಟುವಾಗ ಬಿಸಿಲು ಮರದ ತುದಿಯಲ್ಲಿತ್ತು. ಪಂಜು ಹಚ್ಚುವಂತಿಲ್ಲ, ಕೂಗಿ ಕರೆಯುವಂತಿಲ್ಲ. ಹೀಗೆ ಹುಡುಕುವುದೆಂದರೆ ಹೇಗೆ ಎಂದು ಯಾರನ್ನು ಕೇಳುವುದು? ಇಬ್ಬರೂ ಕಳ್ಳರ ಹಾಗೆ ಬಗ್ಗಿ ಮರದಿಂದ ಮರಕ್ಕೆ ಹೋದೆವು. ಕೋಪಕ್ಕೆ ಚೌಡಪ್ಪನನ್ನೂ ನನ್ನನ್ನೂ ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಹಕ್ಕಿಗಳು ಗೂಡು ಸೇರಿ ಗದ್ದಲ ಇಳಿಯತೊಡಗಿತು. ಮಧ್ಯಾಹ್ನ ಕೇಳದಿದ್ದದ್ದು ಆಗ ಕೇಳಿಸಿತು. ಕಲ್ಲಿಗೆ ಕಬ್ಬಿಣ ತಾಗುವ ಸದ್ದು. ಟಕ್, ಟಕ್, ಸ್ವಲ್ಪ ಬಿಟ್ಟು ಮತ್ತೆ ಟಕ್. ಗಣಿಯಲ್ಲಿ ಸಿಕ್ಕಿಕೊಂಡವರು ಹೀಗೇ ಬಡಿಯುತ್ತಾರೆಂದು ಆಳುಗಳು ಹೇಳಿದ್ದನ್ನು ಕೇಳಿದ್ದೆ. ಪೆರುಮಾಳೂ ಬಡಿದಿರಬೇಕು ಎಂದು ಎಷ್ಟೋ ರಾತ್ರಿ ನಿದ್ದೆಗೆಟ್ಟಿದ್ದೆ.

ಪೊದೆಗಳ ನಡುವೆ ಹಳೆಯ ಗುಂಡಿಯ ಬಾಯಿ. ಒಳಗಿನಿಂದ ಬತ್ತಿದ ಹೆಣ್ಣು ದನಿಯೊಂದು ತೆಲುಗಿನಲ್ಲಿ, “ಅನ್ನಾ, ಈಡ ಉಂಡಾನು” ಎಂದಿತು. ಅಣ್ಣಾ, ಇಲ್ಲಿದ್ದೇನೆ, ಎಂದು.

ಎರಡಾಳಿಗೂ ಮೀರಿದ ಆಳ. ಚೌಡಪ್ಪ ತೆಪ್ಪದ ಹಗ್ಗ ತಂದು ಹುಣಿಸೆಯ ಬುಡಕ್ಕೆ ಕಟ್ಟಿದ. ಅವನ ವಯಸ್ಸಿಗೆ ಇಳಿಯಲಾಗದು. ಹಾಗಾಗಿ ಏಳು ವರ್ಷ ಕಿಟಕಿಯಲ್ಲಿ ಕೂತು ಬೇರೆಯವರನ್ನು ಕೆಳಗೆ ಕಳಿಸಿದ ನಾನು ಮೊದಲ ಸಲ ನೆಲದೊಳಕ್ಕೆ ಇಳಿದೆ. ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ. ಮಣ್ಣು ತಲೆಯ ಮೇಲೆ ಸುರಿಯುತ್ತಿತ್ತು. ಆಗ ನನಗೆ ಧೈರ್ಯ ಕೊಟ್ಟದ್ದು ಆ ಇಟ್ಟಿಗೆ ತುಂಡು. ನಾನು ಕೆಳಗಿದ್ದೇನೆಂದು ಹೇಳುವ ಒಂದು ಗುರುತು ಮೇಲಿದೆ, ಅದನ್ನು ನೋಡುತ್ತ ಜಯಮ್ಮ ಕೂತಿದ್ದಾಳೆ ಎಂದು ನೆನೆದುಕೊಂಡೆ. ಗಣಿಗೆ ಇಳಿಯುವವರು ಬಿಲ್ಲೆಯನ್ನು ಯಾಕೆ ಅಷ್ಟು ಜೋಪಾನವಾಗಿ ನನ್ನ ಅಂಗೈಗೆ ಇಡುತ್ತಿದ್ದರೆಂದು ಅಂದು ತಿಳಿಯಿತು.

ಅವಳ ಹೆಸರು ಗಂಗಮ್ಮ, ಆಚೆ ದಡದ ಹಳ್ಳಿಯವಳು. ಆ ಕಡೆ ನೀರು ಇಳಿದು ಎದೆಮಟ್ಟಕ್ಕೆ ಬಂದಿದ್ದರಿಂದ ಬೆಳಿಗ್ಗೆಯೇ ತಲೆಯ ಮೇಲೆ ಬುಟ್ಟಿ ಹೊತ್ತು ಕದ್ದು ನಡೆದುಬಂದಿದ್ದಳು. ಸೊಪ್ಪಿನ ಮಡಿಗೆ ಹಕ್ಕಿ ಹಿಕ್ಕೆಯ ಗೊಬ್ಬರ ಒಯ್ಯಲು. ಎಳೆಮಗುವನ್ನು ಅತ್ತೆಯ ಕೈಗೆ ಕೊಟ್ಟು, ಒಂದು ಗಳಿಗೆಯಲ್ಲಿ ಬರುತ್ತೇನೆಂದು ಹೇಳಿ ಬಂದವಳು. ಎಲ್ಲಿಗೆ ಎಂದು ಹೇಳಿರಲಿಲ್ಲ. ಕಾಲು ಮುರಿದಿತ್ತು. ರವಿಕೆ ಹಾಲಿನಿಂದ ನೆನೆದಿತ್ತು. ಕೈಯಲ್ಲಿದ್ದ ಕುಡುಗೋಲಿನಿಂದ ಬಂಡೆ ಬಡಿದು ಬಡಿದು ಅದರ ತುದಿ ಮೊಂಡಾಗಿತ್ತು. ಹಗ್ಗವನ್ನು ಅವಳ ಸೊಂಟಕ್ಕೆ ಕಟ್ಟಿ, ಚೌಡಪ್ಪ ಎಳೆಯುವಾಗ ಕೆಳಗಿನಿಂದ ಹೆಗಲು ಕೊಟ್ಟೆ. ದಾರಿಯುದ್ದಕ್ಕೂ ಅವಳು ಕೇಳಿದ್ದು ಒಂದೇ, ಪಾಪುವಿಗೆ ಯಾರಾದರೂ ಹಾಲು ಕುಡಿಸಿದರೇ ಎಂದು.

ದಡದಲ್ಲಿ ಆ ಹೊತ್ತಿಗೆ ಊರಿನವರು ಸೇರಿದ್ದರು. ಕಟ್ಟು ಮೀರಿ ಗಡ್ಡೆಗೆ ಹೋದವರನ್ನು ಅಲ್ಲಿ ಸುಮ್ಮನೆ ಬಿಡುವುದಿಲ್ಲ. ಯಾರು, ಏನು, ಯಾಕೆ ಹೋದಳು ಎಂಬ ಗುಸುಗುಸು ಎದ್ದಿತು. ಚೌಡಪ್ಪ ತೆಪ್ಪದಿಂದಲೇ ಗದರಿಸಿದ.

“ಕಲ್ಲು ಮಡಗಿ ಓಗವ್ಳೆ. ಕಾಣಾಕಿಲ್ವಾ ಬಂಡೆ ಮೇಲೆ? ಕಳ್ಳತನ ಅಂಬೋರು ಬಾಯಿ ಮುಚ್ಕೊಳ್ರಲಾ.”

ಎಲ್ಲರೂ ಬಂಡೆಯ ಕಡೆ ನೋಡಿದರು, ಇಬ್ಬರು ನೀರಿಗಿಳಿದು ತೆಪ್ಪ ಎಳೆದರು. ಜಯಮ್ಮನ ಅಪ್ಪ ಗಾಡಿ ಕಟ್ಟಿಸಿದರು. ಗಂಗಮ್ಮನನ್ನು ಗಾಡಿಯಲ್ಲಿ ಮಲಗಿಸುವಾಗ ಅವಳು ಜಯಮ್ಮನ ಕೈ ಹಿಡಿದು, “ಅಕ್ಕಾ, ನಾನು ಕಲ್ಲು ಮಡಗಿಲ್ಲ. ಈ ದಡಕ್ಕೆ ನಾನು ಬಂದೇ ಇಲ್ಲ” ಎಂದಳು. ಜಯಮ್ಮ ಅವಳ ಬಾಯಿಗೆ ನೀರು ಹಿಡಿದು, ಈಗ ಆ ಮಾತು ಬೇಡ ಎಂದಳು. ನಾನು ಪಕ್ಕದಲ್ಲೇ ನಿಂತಿದ್ದೆ.

ಗಾಡಿ ಹೋದ ಮೇಲೆ ಬಂಡೆಯ ಹತ್ತಿರ ಉಳಿದವರು ನಾವು ಮೂವರೇ. ನಾನು ನನ್ನ ಇಟ್ಟಿಗೆ ತುಂಡನ್ನು, ಚೌಡಪ್ಪ ತನ್ನ ಕಲ್ಲನ್ನು ನೀರಿಗೆ ಬಿಟ್ಟೆವು. ಬೆಣಚುಕಲ್ಲು ಹಾಗೇ ಕೂತಿತ್ತು. ನಾನು ಅದನ್ನು ಮೊದಲ ಸಲ ಕೈಗೆತ್ತಿಕೊಂಡು ನೋಡಿದೆ. ಕೆರೆಯ ಸುತ್ತ ಸಿಗುವ ಬೆಣಚು ಹಾಲಿನಂತೆ ಬೆಳ್ಳಗಿರುತ್ತದೆ. ಇದು ನಸುನೀಲಿ, ನಡುವೆ ಸೀಸದ ಬಣ್ಣದ ಗೆರೆ. ಇಂಥ ಕಲ್ಲು ಬರುವುದು ಗಣಿಯ ತಳದಿಂದ. ದಿನವೂ ನನ್ನ ಕಿಟಕಿಯ ಮುಂದೆ ತಳ್ಳುಗಾಡಿಗಟ್ಟಲೆ ಹೋಗುವುದನ್ನು ನೋಡುತ್ತಿದ್ದೆ. ಒಂದು ತುಂಡನ್ನು ಹೊರಗೆ ಒಯ್ಯುವುದಕ್ಕೂ ಕಾವಲಿನವರು ಬಿಡರು.

“ತೊಗೊಳ್ಳೋರು ಯಾರೂ ಇಲ್ವಲ್ಲ ಅಳೀಮಯ್ಯ” ಎಂದ ಚೌಡಪ್ಪ. “ನೀವೇ ಬಿಟ್ಬಿಡಿ. ಎಣಿಸೋರು ನೀವಲ್ವಾ.”

ನಾನು ಯಾಕೆ ಹಾಗೆ ಮಾಡಿದೆನೋ ಕೇಳಬೇಡಿ. ಮೊಣಕಾಲುದ್ದ ನೀರಿಗೆ ಇಳಿದೆ. ಕಿಟಕಿಯಲ್ಲಿ ಹೇಳುವ ದನಿಯಲ್ಲೇ, “ನಾನೂರ ಹದಿನೇಳು, ಬಂತು” ಎಂದು ಹೇಳಿ ಕಲ್ಲನ್ನು ಬಿಟ್ಟೆ. ಬಿಟ್ಟಮೇಲೆ ಅಳು ಬಂತು. ಒಂದು ವರ್ಷದಿಂದ ಬಾರದ ಅಳು. ಜಯಮ್ಮ ಸೆರಗಿನಿಂದ ನನ್ನ ಮುಖ ಒರೆಸಿದಳು, ಮುದುಕ ಅತ್ತ ತಿರುಗಿ ತೆಪ್ಪ ಕಟ್ಟುತ್ತ ನಿಂತ.

ಅಂದು ಪಾಳಿ ತಪ್ಪಿತು, ಮರುದಿನ ಮೇಲಿನವರಿಂದ ಚೆನ್ನಾಗಿ ಬೈಸಿಕೊಂಡೆ. ಆಮೇಲೆ ನನ್ನ ಹಳೆಯ ಚಟ ಬಿಡದೆ ವಿಚಾರಣೆಯನ್ನೂ ಮಾಡಿದೆ. ದನ ಕಾಯುವವರನ್ನು ಕೇಳಿದೆ, ಅಂದು ಮಧ್ಯಾಹ್ನ ಯಾರೂ ಆ ಕಡೆ ಬಂದಿರಲಿಲ್ಲ. ಚೌಡಪ್ಪನೇ ಇಟ್ಟನೇ ಎಂದರೆ, ಅವನು ಹೋಗುವಾಗಲೂ ಬರುವಾಗಲೂ ನಮ್ಮ ಜತೆಗೇ ಇದ್ದ. ಕೇಳಿದ್ದಕ್ಕೆ, ನೀರು ಮುಟ್ಟಿ ಆಣೆ ಮಾಡಿ, ‘ನಾನಲ್ಲ’ ಎಂದ. ಊರಿಗಾಂನ ಯಾರೋ ಎಂದೋ ಆ ಕಲ್ಲನ್ನು ತಂದು ಅಲ್ಲಿ ಬಿಸಾಡಿದ್ದು, ನಾನೇ ಎಣಿಸುವಾಗ ನೋಡದೆ ಹೋದೆ ಎನ್ನೋಣವೇ? ಹಾಗೆಂದು ನನ್ನ ಸ್ನೇಹಿತರೊಬ್ಬರು ವಾದಿಸಿದರು. ಇರಬಹುದು. ಎಣಿಕೆ ಒಂದು ಸಲ ತಪ್ಪಿದವನು ಎರಡನೇ ಸಲ ತಪ್ಪಲಾರ ಎಂದು ಹೇಳುವ ಬಾಯಿ ನನಗಿಲ್ಲ. ಆದರೆ ತಪ್ಪಿದ ಎಣಿಕೆ ಒಂದು ಜೀವ ಉಳಿಸಿದ್ದು ಹೇಗೆ ಎಂದು ಅವರೂ ಹೇಳಲಿಲ್ಲ.

ಗಂಗಮ್ಮ ಸ್ವಲ್ಪ ಕುಂಟುತ್ತಾಳೆ, ಅಷ್ಟೇ. ಅಂದು ಹಾಲಿಗೆ ಅತ್ತ ಮಗುವಿಗೆ ಈಗ ಮದುವೆಯಾಗಿದೆ. ಪ್ರತಿ ವರ್ಷ ಮೊದಲ ಅವರೆಕಾಯಿ ನಮ್ಮ ಮನೆಗೆ ಬರುತ್ತದೆ. ಅವಳು ಕೈ ಮುಗಿದಾಗಲೆಲ್ಲ ನನಗೆ ಮುಜುಗರ. ಹಾಗೆ ಕೈ ಮುಗಿಸಿಕೊಳ್ಳಬೇಕಾದವನು ನಾನಲ್ಲ. ಕಲ್ಲನ್ನು ನಂಬಿದ ಚೌಡಪ್ಪ, ಆ ಒಂದು ಮಾತು ಹೇಳಿದ ಜಯಮ್ಮ, ಮತ್ತೆ ಕಲ್ಲು ಇಟ್ಟವರು ಯಾರೋ ಅವರು. ಅವರೆಲ್ಲರ ಉಪಕಾರ ನನ್ನ ಮೇಲಿದೆ. ಅದನ್ನು ಹೇಳಿಕೊಳ್ಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಆಮೇಲೂ ಬಹಳ ವರ್ಷ ಅದೇ ಕಿಟಕಿಯಲ್ಲಿ ಕೂತೆ. ಹಲಗೆಯ ಮೇಲೆ ಬಿಲ್ಲೆ ಉಳಿದ ದಿನ ರೈಲು ತಪ್ಪಿದರೂ ಸರಿ, ಆಳು ಸಿಗುವ ತನಕ ಏಳುತ್ತಿರಲಿಲ್ಲ. ಹೆಚ್ಚಿನ ಸಲ ಆ ಪುಣ್ಯಾತ್ಮ ಸೇಂದಿ ಅಂಗಡಿಯಲ್ಲೇ ಸಿಗುತ್ತಿದ್ದ. ಬೈಯಬೇಕೆಂದು ಹೋದವನು ಅವನ ಮುಖ ಕಂಡು ಸಂತೋಷದಿಂದ ಬೆನ್ನು ತಟ್ಟಿ ಬರುತ್ತಿದ್ದೆ. ಸಾಮಿಗೆ ತಲೆ ಕೆಟ್ಟಿದೆ ಎಂದು ಲೈನಿನಲ್ಲೆಲ್ಲ ನಗುತ್ತಿದ್ದರು, ನಗಲಿ.

ನಾನೂರ ಹದಿನೇಳನೇ ನಂಬರನ್ನು ಇದೆಲ್ಲ ಆಗಿ ಕೆಲವು ದಿನಗಳ ಮೇಲೆ ಇನ್ನೊಬ್ಬ ಆಳಿಗೆ ಕೊಟ್ಟರು. ಅವನು ಮೇಲೆ ಬಂದು ನಂಬರು ಕೂಗಿದಾಗಲೆಲ್ಲ ನಾನು ಬಿಲ್ಲೆ ಕೊಟ್ಟು ‘ಬಂತು, ಬಂತು’ ಎನ್ನುತ್ತಿದ್ದೆ. ಒಂದು ದಿನ ಅವನು, “ಎಲ್ಲಾರ್ಗೂ ಒಂದ್ಸಲ, ನನಗೆ ಯಾಕೆ ಸಾಮಿ ಎರಡ್ಸಲ?” ಎಂದು ಕೇಳಿದ. ಒಂದು ನಿನಗೆ ಕಣಪ್ಪ ಎಂದೆ. ಇನ್ನೊಂದು ಯಾರಿಗೆ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಏನು ಹೇಳಬೇಕಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ.